ಫೆರ್ಡಿನಂಡ್ ಕಿಟ್ಟೆಲ್ ಪಂಡಿತರ ಜೀವಿತವೂ ಆಧಾರ ಹೇಳುವ ಅವರ ಪದ್ಧತಿಯೂ



ಹಳಿಯಾಳ, ಮುಂಡಗೋಡ, ದಾಂಡೇಲಿ, ಜೋಯಿಡಾ ಎಂಬೀ ಸೀಮೆಗಳ ಹಳ್ಳಿಗಳಿಂದ ಈಗ ಅನೇಕ ಯುವಕರೂ ಯುವತಿಯರೂ ಮೇಲಣ ವಿದ್ಯೆಯ ನಿಮಿತ್ತ ಧಾರವಾಡಕ್ಕೂ ಹುಬ್ಬಳ್ಳಿಗೂ ಹೋಗುತ್ತಾರೆಂಬದನ್ನು ನೀವು ಬಲ್ಲಿರಿ. ಮನೆಯಲ್ಲಿ ಕೊಂಕಣಿಯನ್ನೋ ಮರಾಠಿಯನ್ನೋ ಆಡುವ ಮಕ್ಕಳು ಅಲ್ಲಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಪ್ರಬಂಧಗಳನ್ನು ಬರೆಯಬೇಕಾಗುತ್ತದೆ. ಪ್ರಬಂಧವೆಂದರೆ ಚಿಕ್ಕ ಶಾಲೆಯಲ್ಲಿ ಹಸುವನ್ನು ಕುರಿತು ಹತ್ತು ವಾಕ್ಯ ಬರೆದಂತಲ್ಲ. ನಾಲ್ಕಾರು ಗ್ರಂಥಗಳನ್ನು ಓದಿ, ಅವುಗಳೊಳಗಿನ ಸಂಗತಿಗಳನ್ನು ತೂಗಿ ನೋಡಿ, ಒಂದಕ್ಕೊಂದು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆಂದು ಕಂಡುಕೊಂಡು, ಅದನ್ನೆಲ್ಲಾ ತಮ್ಮ ಸ್ವಂತ ಮಾತುಗಳಲ್ಲಿ ಒಂದಾಗಿ ಹೆಣೆದು, ಯಾವ ಸಂಗತಿಯು ಯಾವ ಗ್ರಂಥದಿಂದ ಬಂತೆಂಬದನ್ನೂ ಹೇಳಬೇಕು. ಇದು ದೊಡ್ಡವರಿಗೂ ಸುಲಭವಲ್ಲ.

ಕೆಲವು ತಿಂಗಳುಗಳ ಹಿಂದೆ ಜೋಯಿಡಾ ತಾಲೂಕಿನ ರಾಮನಗರದ ಒಬ್ಬ ವಿದ್ಯಾರ್ಥಿಯು ಕುಂದಿದ ಮುಖದಿಂದ ನನ್ನ ಬಳಿಗೆ ಬಂದನು. ಅವನ ಮನೆತನದವರು ಹಳೆಯ ಸೂಪಾ ಊರಿನವರು. ಕಾಳೀ ನದಿಗೆ ಕಟ್ಟಿದ ಸೂಪಾ ಅಣೆಕಟ್ಟಿನ ನಿಮಿತ್ತ ಆ ಊರು ನೀರಿನೊಳಗಾಗಲು, ಅಲ್ಲಿಯವರನೇಕರು ರಾಮನಗರಕ್ಕೆ ಬಂದು ನೆಲಸಿದರು. ಮುಳುಗಿಹೋದ ತನ್ನ ಹಿರಿಯರ ಊರನ್ನು ಕುರಿತು ಅವನು ಒಂದು ಪ್ರಬಂಧ ಬರೆದಿದ್ದನು. ಉಪಾಧ್ಯಾಯರು ಅದನ್ನು ಕೆಂಪು ಗೆರೆಗಳಿಂದ ತುಂಬಿಸಿ ಹಿಂದಕ್ಕೆ ಕೊಟ್ಟಿದ್ದರು. ಏಕೆಂದರೆ ಮೂರು ಪುಟಗಳು ಒಂದು ಅಚ್ಚಾದ ಪುಸ್ತಕದಿಂದ ಹಾಗೆಯೇ ಎತ್ತಲ್ಪಟ್ಟಿದ್ದವು, ಆ ಪುಸ್ತಕದ ಹೆಸರೋ ಎಲ್ಲಿಯೂ ಇರಲಿಲ್ಲ. ಕದಿಯಬೇಕೆಂಬ ಮನಸ್ಸು ಹುಡುಗನಿಗೆ ಇದ್ದಿಲ್ಲವೆಂದು ನಾನು ನಂಬುತ್ತೇನೆ. ಅವನ ಸಂಕಟವು ಬೇರೆ. ಓದಿದ್ದಕ್ಕೆಲ್ಲಾ ಒಡೆಯನ ಹೆಸರನ್ನು ಹೇಳುತ್ತಾ ಹೋದರೆ ತನ್ನದೆಂದು ಉಳಿಯುವದೇನು ಎಂಬದೇ ಅವನ ಪ್ರಶ್ನೆ. ಅದಕ್ಕೆ ನಾನು ತರ್ಕದಿಂದ ಉತ್ತರ ಕೊಡಲಾರದೆ, ಫೆರ್ಡಿನಂಡ್ ಕಿಟ್ಟೆಲ್ ಎಂಬ ಪಂಡಿತರ ಕಥೆಯನ್ನು ಹೇಳಿದೆನು. ಅದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಜರ್ಮನಿ ದೇಶದ ವಾಯವ್ಯ ಮೂಲೆಯಲ್ಲಿ ಉತ್ತರ ಸಮುದ್ರದ ದಡಕ್ಕೆ ಹೊಂದಿದ ಪೂರ್ವ ಫ್ರೀಸಿಯ ಎಂಬ ಸೀಮೆಯದೆ. ಅಲ್ಲಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ 1832ನೆಯ ವರ್ಷದ ಏಪ್ರಿಲ್ ತಿಂಗಳಲ್ಲಿ ಕಿಟ್ಟೆಲರು ಹುಟ್ಟಿದರು. ತಂದೆಯು ಸಭಾಪಾಲಕನಾಗಿದ್ದನು. ಔರಿಖ್ ಪಟ್ಟಣದ ಶಾಲೆಯಲ್ಲಿ ಬಾಲಕನು ಲತೀನು, ಗ್ರೀಕು, ಇಬ್ರಿ ಮೊದಲಾದ ಭಾಷೆಗಳನ್ನು ಕಲಿತನು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕಿಟ್ಟೆಲರು ಹುಟ್ಟಿದ ಆ 1832ನೆಯ ವರ್ಷದಲ್ಲಿಯೇ ಬಳ್ಳಾರಿಯ ರೀವ್ ಎಂಬ ಪಾದ್ರಿಗಳು ರಚಿಸಿದ ಕನ್ನಡ ಇಂಗ್ಲಿಷ್ ಶಬ್ದಕೋಶವು ಮದರಾಸಿನಲ್ಲಿ ಅಚ್ಚಾಗಿ ಹೊರಬಿತ್ತು. ಅರುವತ್ತು ವರ್ಷಗಳ ತರುವಾಯ ಆ ಕೋಶದ ಸ್ಥಾನವನ್ನು ಹಿಡಿಯತಕ್ಕ ಗ್ರಂಥದ ಕರ್ತನು ಆಗ ತೊಟ್ಟಿಲಲ್ಲಿದ್ದನು.

1850ರಲ್ಲಿ ಕಿಟ್ಟೆಲರು ಸ್ವಿಸ್ ದೇಶದ ಬಾಸೆಲ್ ಪಟ್ಟಣದಲ್ಲಿದ್ದ ಮಿಶನ್ ಶಾಲೆಯನ್ನು ಸೇರಿದರು; 1853ರಲ್ಲಿ ದೀಕ್ಷೆ ಹೊಂದಿ ಹಿಂದೂ ದೇಶಕ್ಕೆ ಬಂದರು. ಆಗ ಅವರಿಗೆ ವಯಸ್ಸು ಇಪ್ಪತ್ತೊಂದು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಲ್ಲಿಯೂ, 1837ರಲ್ಲಿ ಧಾರವಾಡದಲ್ಲಿಯೂ, 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಕೆಲಸವನ್ನು ಆರಂಭಿಸಿದ್ದರು. ಕಿಟ್ಟೆಲರ ಮೊದಲನೆಯ ವರ್ಷಗಳು ಧಾರವಾಡದ ಸೀಮೆಯಲ್ಲಿ ಕಳೆದವು. ಹಳಿಯಾಳದಿಂದ ಮುಂಜಾನೆ ಹೊರಟು ಬಿರುಸಾಗಿ ನಡೆದರೆ ಸಂಜೆಗೆ ಧಾರವಾಡವನ್ನು ಮುಟ್ಟಬಹುದು. ಮಲೆಯ ಅಂಚಿನ ನಮ್ಮ ಊರುಗಳಿಗೂ ಬಯಲಿನ ಆ ಊರುಗಳಿಗೂ ಸಂತೆ, ಬೀಗತನ, ಮಾತು ಎಲ್ಲವೂ ಬೆರೆತುಕೊಂಡೇ ಇರುವವು. ಆದುದರಿಂದ ಆ ತರುಣನ ಕಿವಿಗೆ ಮೊದಲು ಬಿದ್ದ ಕನ್ನಡವು ನಮಗೆ ನೆರೆಯ ಕನ್ನಡವೇ.

ಕಿಟ್ಟೆಲರಿಗೆ ಒಂದು ಹಟವಿತ್ತು. ಕನ್ನಡಿಗರ ನಡುವೆ ಇರಬೇಕಾದವನು ಕನ್ನಡಿಗನೇ ಆಗಿರಬೇಕೆಂಬದು ಅವರ ಎಣಿಕೆ. ಊರೂರು ನಡೆದು, ಜನರ ಸಂಗಡ ಕೂತು, ಅವರ ಮಾತು, ಅವರ ಹಾಡು, ಅವರ ನಡೆವಳಿಕೆಗಳನ್ನು ಕಲಿಯುವದರಲ್ಲಿ ಅವರು ಹಗಲಿರುಳು ತೊಡಗಿದರು. ಹಳ್ಳಿಗರಿಗೆ ಇದರಿಂದ ಅವರ ಮೇಲೆ ಪ್ರೀತಿ ಉಂಟಾಯಿತು. ಆದರೆ ಮೇಲಧಿಕಾರಿಗಳಿಗೆ ಸಂತೋಷವಾಗಲಿಲ್ಲ. ಆ ಕಾಲದಲ್ಲಿ ಬಾಸೆಲಿನಲ್ಲಿ ಯೋಸೆನ್‌ಹಾನ್ಸ್ ಎಂಬವರು ಆಡಳಿತವನ್ನು ನಡಿಸುತ್ತಿದ್ದರು. ಅವರದು ಕಟ್ಟುನಿಟ್ಟಿನ ಆಡಳಿತ. ಉಪದೇಶಕರು ಹೇಗೆ ಇರಬೇಕು, ಏನು ಮಾಡಬೇಕು ಎಂಬದಕ್ಕೆಲ್ಲಾ ನಿಯಮಗಳಿದ್ದವು. ಇದಲ್ಲದೆ ಬಾಸೆಲಿನ ಉಪದೇಶಕರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ಸಾಧಾರಣ ಮನೆಗಳವರು. ಉತ್ತರ ದಿಕ್ಕಿನಿಂದ ಬಂದ, ಶಾಸ್ತ್ರೀಯ ಭಾಷೆಗಳನ್ನು ಕಲಿತ ಈ ತರುಣನು ಅವರ ನಡುವೆ ಒಬ್ಬಂಟಿಗನಾದನು. ಕ್ರಮೇಣ ಅವರನ್ನು ದೂರದ ಠಾಣೆಗಳಿಗೆ ಸರಿಸಿಟ್ಟರು. ಮಂಗಳೂರು, ಮಡಿಕೇರಿ, ಧಾರವಾಡ ಎಂಬೀ ಸ್ಥಳಗಳಲ್ಲಿ ಅವರ ಜೀವಮಾನವು ಹಂಚಿಹೋಯಿತು. ತಪ್ಪು ಯಾರದೆಂದು ಈಗ ನಾವು ತೀರ್ಪು ಹೇಳುವದು ಸುಲಭ. ಆದರೆ ಹಣ ಕಳುಹಿಸಿದವರು ಸಭೆಗಳ ಬೆಳವಣಿಗೆಯ ಲೆಕ್ಕವನ್ನು ಕೇಳುತ್ತಿದ್ದಾಗ, ಓಲೆಗರಿಗಳನ್ನು ಬಿಚ್ಚಿ ಕೂತ ಒಬ್ಬ ಪಾದ್ರಿಯ ವಿಷಯದಲ್ಲಿ ಅಧಿಕಾರಿಗಳು ಏನು ಬರೆದುಕೊಳ್ಳಬೇಕಿತ್ತು?

ಅವರಿಗೆ ದಾರಿತೋರಿಸಿದ ಹಿರಿಯರು ಇರಲಿಲ್ಲವೆಂದಲ್ಲ. 1843ರಲ್ಲಿ ಮಂಗಳೂರ ಸಮಾಚಾರವೆಂಬ ಮೊದಲನೆಯ ಕನ್ನಡ ವೃತ್ತಪತ್ರವನ್ನು ನಡಿಸಿದ ಹೆರ್ಮನ್ ಮೋಗ್ಲಿಂಗ್ ಪಂಡಿತರು ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದವುಗಳನ್ನು ಕೂಡಿಸಿ ಕಲ್ಲಚ್ಚಿನಲ್ಲಿ ತೆಗೆದಿದ್ದರು. ಓಲೆಗರಿಯಲ್ಲಿ ಒಂದೊಂದು ಮನೆಯ ಅಟ್ಟದ ಮೇಲೆ ಬಿದ್ದಿದ್ದ ಕಾವ್ಯಗಳು ಹೀಗೆ ಎಲ್ಲರ ಕೈಗೆ ಬಂದವು. ಮೋಗ್ಲಿಂಗರು ಕೂಡಿಸಿದರು, ಕಿಟ್ಟೆಲರು ಅವನ್ನು ಸಾಲುಸಾಲಾಗಿ ಓದಿ ಶಬ್ದಶಬ್ದಕ್ಕೂ ಲೆಕ್ಕ ಇಟ್ಟರು.

ಕಿಟ್ಟೆಲರು ಪೌಲೀನ ಎಂಬ ಸ್ತ್ರೀಯನ್ನು 1860ರಲ್ಲಿ ಮದುವೆಯಾದರು. ಆಕೆಯು ಕೆಲವೇ ವರ್ಷಗಳಲ್ಲಿ ತೀರಿಕೊಂಡಳು. ಬಳಿಕ ಆಕೆಯ ಸಹೋದರಿಯಾದ ಜೂಲಿಯನ್ನು ಅವರು ಮದುವೆಯಾದರು. 1862ರಲ್ಲಿ ಅವರ ಕಥಾಮಾಲೆ ಎಂಬ ಕಾವ್ಯವು ಪ್ರಕಟವಾಯಿತು. ಯೇಸು ಕ್ರಿಸ್ತನ ಚರಿತ್ರೆಯನ್ನು ಅವರು ದೇಶೀಯ ಛಂದಸ್ಸಿನಲ್ಲಿ ರಚಿಸಿದ್ದರು. ಕೇಳುವವನ ಕಿವಿ ಯಾವ ನಡೆಗೆ ಒಗ್ಗಿದೆಯೋ ಆ ನಡೆಯಲ್ಲಿಯೇ ಹೇಳಬೇಕು, ಪರದೇಶದ ತಾಳವನ್ನು ಅವನ ಮೇಲೆ ಹೇರಬಾರದೆಂಬ ವಾಕ್ಚಾತುರ್ಯದ ಮೂಲಸೂತ್ರವನ್ನು ಅವರು ಪುಸ್ತಕದಿಂದಲ್ಲ, ಹಳ್ಳಿಯ ಜಗಲಿಗಳಲ್ಲಿ ಕಲಿತಿದ್ದರು. ಕಾವ್ಯದ ಗುಣದೋಷಗಳನ್ನು ಪಂಡಿತರು ವಿಚಾರಿಸಲಿ. ಒಬ್ಬ ಪರದೇಶಸ್ಥನು ಬಂದು ಒಂಬತ್ತು ವರ್ಷಗಳಲ್ಲಿಯೇ ಕನ್ನಡ ಛಂದಸ್ಸಿನಲ್ಲಿ ಕಥೆ ಹೇಳಿದನೆಂಬದೇ ನನಗೆ ಆಶ್ಚರ್ಯ.

ಈಗ ನಮ್ಮ ಮುಖ್ಯ ಸಂಗತಿಗೆ ಬರೋಣ. 1872ರಲ್ಲಿ ಕಿಟ್ಟೆಲರು ಕೇಶಿರಾಜನ ಶಬ್ದಮಣಿದರ್ಪಣವನ್ನು ಹಳೆಯ ವ್ಯಾಖ್ಯಾನ ಸಹಿತವಾಗಿ ಮಂಗಳೂರಲ್ಲಿ ಅಚ್ಚುಹಾಕಿಸಿದರು. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿದ್ದ ವ್ಯಾಕರಣಕಾರ. ಅವನ ರೀತಿಯು ನಮ್ಮ ವಿದ್ಯಾರ್ಥಿಗಳು ಕಣ್ಣಿಟ್ಟು ನೋಡತಕ್ಕದ್ದು. ತನ್ನ ಗ್ರಂಥದ ಆರಂಭದಲ್ಲಿಯೇ ಅವನು ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಹೊನ್ನ, ಹಂಪ, ಸುಜನೋತ್ತಂಸ ಎಂಬ ಪೂರ್ವ ಕವಿಗಳನ್ನು ಹೆಸರಿಸಿ, ಇವರ ಮಾರ್ಗವೇ ತನಗೆ ಲಕ್ಷ್ಯವೆಂದು ತಿಳಿಸುತ್ತಾನೆ. ಬಳಿಕ ಒಂದೊಂದು ನಿಯಮವನ್ನು ಹೇಳುವಾಗಲೂ ಕವಿಗಳ ಪ್ರಯೋಗವನ್ನು ತಂದು ಮುಂದಿಡುತ್ತಾನೆ. ನಿಯಮವು ಅವನದು, ಸಾಕ್ಷಿಯು ಕವಿಗಳದು. ಹೆಸರಿಸಿದ್ದರಿಂದ ಕೇಶಿರಾಜನು ಸಣ್ಣವನಾದನೋ? ಅವನು ಹೆಸರಿಸಿದವರೊಳಗೆ ಕೆಲವರ ಕಾವ್ಯಗಳು ಈಗ ಒಂದೂ ಸಿಕ್ಕುವದಿಲ್ಲ. ಅಂಥವರು ಇದ್ದರೆಂಬದಕ್ಕೆ ಅವನ ಆ ಒಂದು ಪದ್ಯವೂ ಸಾಕ್ಷಿಯಾಗಿ ಉಳಿದದೆ.

ಇದೇ ಮನೆಯಲ್ಲಿ ಇದಕ್ಕೆ ಎದುರಾದ ಮಾದರಿಯೂ ಇರುವದು ವಿಚಿತ್ರ. ಕೇಶಿರಾಜನ ತಂದೆಯಾದ ಮಲ್ಲಿಕಾರ್ಜುನನು ಸೂಕ್ತಿಸುಧಾರ್ಣವವೆಂಬ ಸಂಕಲನವನ್ನು ಮಾಡಿದ್ದಾನೆ. ಸಮುದ್ರ, ಪಟ್ಟಣ, ಋತು ಮೊದಲಾದ ವರ್ಣನೆಗಳಿಗೆ ತಕ್ಕ ಒಳ್ಳೇ ಪದ್ಯಗಳನ್ನು ಅನೇಕ ಕಾವ್ಯಗಳಿಂದ ಆರಿಸಿ ಒಂದೆಡೆಯಲ್ಲಿ ಇಟ್ಟಿದ್ದಾನೆ. ಆದರೆ ಇದು ಇಂಥ ಕವಿಯದೆಂದು ಹೇಳುವ ತೊಂದರೆಯನ್ನು ತೆಗೆದುಕೊಳ್ಳಲಿಲ್ಲ. ಆರುನೂರು ವರ್ಷಗಳ ಬಳಿಕ ವಿದ್ವಾಂಸರು ಬೇರೆ ಗ್ರಂಥಗಳನ್ನು ಹುಡುಕಿ, ಈ ಪದ್ಯವು ಯಾರದು, ಆ ಪದ್ಯವು ಯಾರದೆಂದು ಬೆವರು ಸುರಿಸಿ ಗುರುತಿಸಬೇಕಾಯಿತು. ತಂದೆಯ ರಸಿಕತೆಗೆ ನಾವು ಋಣಿಗಳೇ ಸರಿ. ಆದರೂ ಮಗನ ಪದ್ಧತಿಯು ನನಗೆ ಹೆಚ್ಚು ಪ್ರಿಯ.

1875ರಲ್ಲಿ ಕಿಟ್ಟೆಲರು ನಾಗವರ್ಮನ ಛಂದೋಂಬುಧಿಯನ್ನು ಪ್ರಕಟಿಸಿದರು. ಅದರ ಮುಂದೆ ಕನ್ನಡ ಸಾಹಿತ್ಯವನ್ನು ಕುರಿತು ಒಂದು ದೀರ್ಘ ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆದರು. ಈಗ ಕಾಲೇಜುಗಳಲ್ಲಿ ಬರೆಯಹೇಳುವ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೇ ಮಾದರಿಯನ್ನು ಹುಡುಕಬೇಕಾಗಿಲ್ಲ. ಆಗ ಕನ್ನಡ ಸಾಹಿತ್ಯದ ಚರಿತ್ರೆಯೆಂಬ ಪುಸ್ತಕವೇ ಇರಲಿಲ್ಲ. ಕಿಟ್ಟೆಲರ ಮುಂದಿದ್ದದ್ದು ಓಲೆಗರಿಯ ಪ್ರತಿಗಳು. ಒಂದು ಪ್ರತಿಯಲ್ಲಿದ್ದಂತೆ ಮತ್ತೊಂದರಲ್ಲಿ ಇರುತ್ತಿರಲಿಲ್ಲ. ಕವಿಗಳು ತಮ್ಮ ಪೂರ್ವಿಕರನ್ನು ಹೊಗಳುವ ಪದ್ಯಗಳು, ಗ್ರಂಥದ ಕೊನೆಯಲ್ಲಿ ಬರುವ ಅರಸರ ಹೆಸರುಗಳು, ಒಂದು ಗ್ರಂಥದಲ್ಲಿ ಮತ್ತೊಂದು ಗ್ರಂಥದ ಉದಾಹರಣೆ ಇವುಗಳನ್ನೆಲ್ಲಾ ಅವರು ಕೂಡಿಸಿದರು. ಈ ಕವಿಯು ಆ ಕವಿಯನ್ನು ನೆನೆದಿರುವದರಿಂದ ಇವನು ಅವನಿಗಿಂತ ಹಿಂದಿನವನಲ್ಲವೆಂಬ ಹಾಗೆ ಹೆಜ್ಜೆಹೆಜ್ಜೆಯಾಗಿ ಮುಂದೆ ಹೋಗಿ, ಜೈನರು, ವೀರಶೈವರು, ವೈಷ್ಣವರು ಎಂಬೀ ಮೂರು ಬಗೆಯ ಗ್ರಂಥಕರ್ತರ ಕೆಲಸವನ್ನು ಒಂದು ಕ್ರಮಕ್ಕೆ ತಂದರು. ಎಲ್ಲರ ಮಾತುಗಳನ್ನು ಕೇಳಿ ತಾನೊಂದು ಮಾತನ್ನು ಆಡುವದೆಂದರೆ ಇದೇ.

ಅವರು ಹೇಳಿದ ಕೆಲವು ಕಾಲನಿರ್ಣಯಗಳು ತಪ್ಪಾಗಿದ್ದವು. ಇದನ್ನು ಮುಚ್ಚಿಡಬೇಕಾಗಿಲ್ಲ. ಶಾಸನಗಳು ಒಂದೊಂದಾಗಿ ಬೆಳಕಿಗೆ ಬಂದ ಮೇಲೆ, 1907, 1919, 1929ನೆಯ ವರ್ಷಗಳಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಕರ್ಣಾಟಕ ಕವಿಚರಿತೆಯಲ್ಲಿ ಆರ್. ನರಸಿಂಹಾಚಾರ್ಯರು ಕವಿಗಳ ಕಾಲಗಳನ್ನು ಇನ್ನೂ ಬಲವಾದ ಆಧಾರಗಳಿಂದ ಗೊತ್ತುಮಾಡಿದರು. ಆದರೆ ಕಿಟ್ಟೆಲರು ಎಲ್ಲಿ ಎಡವಿದರೆಂದು ತಿಳಿಯುವದಕ್ಕೆ ಅವರ ಪ್ರಬಂಧವೇ ದಾರಿ ತೋರಿಸುತ್ತದೆ. ಯಾವ ಪದ್ಯದಿಂದ ಯಾವ ತೀರ್ಮಾನಕ್ಕೆ ಬಂದರೆಂದು ಅವರು ಬರೆದಿಟ್ಟಿದ್ದಾರೆ. ಲೆಕ್ಕವನ್ನು ತೋರಿಸದೆ ಮೊತ್ತವನ್ನು ಮಾತ್ರ ಬರೆದವನ ತಪ್ಪನ್ನು ಯಾರೂ ತಿದ್ದಲಾರರು.

ಶಬ್ದಕೋಶದ ಕೆಲಸವು ಇವೆಲ್ಲವುಗಳಿಗಿಂತಲೂ ದೊಡ್ಡದು. ರೀವ್ ಪಾದ್ರಿಗಳ ಕೋಶವನ್ನು 1858ರಲ್ಲಿ ಸ್ಯಾಂಡರ್ಸನ್ ಎಂಬವರು ತಿದ್ದಿ ಹೊರತಂದಿದ್ದರು. ಹೊಸದಾಗಿ ಕನ್ನಡ ಕಲಿಯುವವರಿಗೆ ಅದು ಉಪಯೋಗವಾಗಿತ್ತು. ಆದರೆ ಹಳಗನ್ನಡ ಕಾವ್ಯಗಳನ್ನು ಓದುವವನು ಪುಟಪುಟಕ್ಕೂ ತಡವರಿಸಬೇಕಾಗಿತ್ತು. ಹೊಸ ಕೋಶವನ್ನು ರಚಿಸುವ ಭಾರವು ಕಿಟ್ಟೆಲರ ಮೇಲೆ ಬಿತ್ತು. ಎಷ್ಟು ವರ್ಷ ಹಿಡಿದೀತೆಂದು ಆಗ ಯಾರಿಗೂ ತಿಳಿದಿದ್ದಿಲ್ಲ. 1877ರಲ್ಲಿ ದೇಹಸ್ಥಿತಿ ಕೆಟ್ಟು ಅವರು ಜರ್ಮನಿಗೆ ಹಿಂದಿರುಗಬೇಕಾಯಿತು. ಅಲ್ಲಿಯೂ ಕೋಶವನ್ನು ಕೈಬಿಡಲಿಲ್ಲ. ಆದರೆ ಕನ್ನಡದ ಕೋಶವನ್ನು ಕನ್ನಡದವರಿಲ್ಲದ ದೇಶದಲ್ಲಿ ಮುಗಿಸುವದು ಹೇಗೆ? ಸಂಶಯ ಬಂದಾಗ ಕೇಳುವದಕ್ಕೆ ಒಬ್ಬ ಒಕ್ಕಲಿಗನಿಲ್ಲ, ಒಬ್ಬ ಶಾಸ್ತ್ರಿಯಿಲ್ಲ. ಆದುದರಿಂದ 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಅವರು ಪುನಃ ಇಲ್ಲಿಗೆ ಬಂದರು. 1892ರ ವರೆಗೆ ಇಲ್ಲಿದ್ದು ಆ ಕೆಲಸದಲ್ಲಿಯೇ ನಿರತರಾಗಿದ್ದರು.

ಈ ಎರಡನೆಯ ಬರುವಿಕೆಯನ್ನು ಕುರಿತು ಸ್ವಲ್ಪ ಯೋಚಿಸಬೇಕು. ಮೊದಲು ಕೋಶವು ಉಪದೇಶದ ಕೆಲಸಕ್ಕೆ ಒಂದು ಸಾಧನವಾಗಿತ್ತು. ವರ್ಷಗಳು ಕಳೆದಂತೆ ಅದು ಕಿಟ್ಟೆಲರಿಗೆ ತಾನಾಗಿಯೇ ಒಂದು ಗುರಿಯಾಯಿತು. ಇದನ್ನು ನೋಡಿದ ಜೊತೆಗಾರರಲ್ಲಿ ಕೆಲವರಿಗೆ ಬೇಸರವಾಗಿರಲೂಬಹುದು. ಕರೆಯಲ್ಪಟ್ಟ ಕೆಲಸ ಒಂದು, ಮಾಡುತ್ತಿರುವ ಕೆಲಸ ಮತ್ತೊಂದು ಎಂಬ ನೋವು ಅವರ ಸ್ವಂತ ಮನಸ್ಸಿನಲ್ಲಿ ಇತ್ತೋ ಇಲ್ಲವೋ ನಾನು ಹೇಳಲಾರೆನು. ಒಂದು ಶಬ್ದದ ನಿಜವಾದ ಅರ್ಥವನ್ನು ಹುಡುಕುವದರಲ್ಲಿ ಒಂದು ದಿವಸವನ್ನು ಕಳೆದ ಮನುಷ್ಯನು ಆ ದಿವಸವನ್ನು ವ್ಯರ್ಥಮಾಡಲಿಲ್ಲವೆಂಬದು ನನ್ನ ಅಭಿಪ್ರಾಯ. ಇದಕ್ಕೆ ಒಪ್ಪದವರು ನಮ್ಮ ವಾಚಕರಲ್ಲಿಯೂ ಇರುವರು.

ಆ ಕೋಶದಲ್ಲಿ ಒಂದು ಶಬ್ದವನ್ನು ತೆರೆದು ನೋಡಿರಿ. ಮೊದಲು ಕನ್ನಡ ಲಿಪಿಯಲ್ಲಿ ಶಬ್ದವು, ಅದರ ಬಳಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಅದರ ಉಚ್ಚಾರ, ಬಳಿಕ ಅದು ಅಚ್ಚಗನ್ನಡವೋ, ತದ್ಭವವೋ, ಸಂಸ್ಕೃತವೋ ಎಂಬ ಗುರುತು, ಆಮೇಲೆ ಅರ್ಥ. ಅಲ್ಲಿಗೆ ನಿಲ್ಲುವದಿಲ್ಲ. ಈ ಅರ್ಥದಲ್ಲಿ ಈ ಶಬ್ದವು ಯಾವ ಗ್ರಂಥದಲ್ಲಿ, ಎಷ್ಟನೆಯ ಸಂಧಿಯಲ್ಲಿ, ಎಷ್ಟನೆಯ ಪದ್ಯದಲ್ಲಿ ಬಂದದೆಂಬದನ್ನು ಒಂದೆರಡು ಅಕ್ಷರಗಳ ಸಂಕೇತದಿಂದಲೂ ಅಂಕೆಗಳಿಂದಲೂ ಹೇಳುತ್ತಾರೆ. ಜೈಮಿನಿ ಭಾರತಕ್ಕೊಂದು ಸಂಕೇತ, ಬಸವಪುರಾಣಕ್ಕೊಂದು, ಶಬ್ದಮಣಿದರ್ಪಣಕ್ಕೊಂದು, ದಾಸರ ಪದಗಳಿಗೊಂದು. ಸಂಕೇತಗಳ ಪಟ್ಟಿಯು ಗ್ರಂಥದ ಮುಂಭಾಗದಲ್ಲಿದೆ. ಕಿಟ್ಟೆಲರ ಮಾತಿನಲ್ಲಿ ನಂಬಿಕೆಯಿಲ್ಲದವನು ಆ ಪದ್ಯವನ್ನು ತೆರೆದು ತಾನೇ ಪರೀಕ್ಷಿಸಬಹುದು. ಕಾಲೇಜಿನ ಉಪಾಧ್ಯಾಯರು ಪುಟದ ಅಡಿಯಲ್ಲಿ ಗ್ರಂಥದ ಹೆಸರನ್ನೂ ಪುಟದ ಅಂಕೆಯನ್ನೂ ಬರೆಯಿರೆಂದು ಹೇಳುವದು ಇದರ ನಿಮಿತ್ತವೇ. ನಮ್ಮ ಹುಡುಗರು ಅದನ್ನು ಒಂದು ದಂಡವೆಂದು ಎಣಿಸುತ್ತಾರೆ. ಅದು ಓದುವವನಿಗೆ ತೆರೆದಿಟ್ಟ ಬಾಗಲು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ನಮ್ಮ ಮಲೆನಾಡಿನಲ್ಲಿ ನಾಲ್ಕು ತಿಂಗಳು ಬಿಡದೆ ಸುರಿಯುವದನ್ನು ನಾವು ಮಳೆ ಎನ್ನುತ್ತೇವೆ. ಹಳಗನ್ನಡದಲ್ಲಿ ಇದು ಮೞೆ. ಆ ೞ ಎಂಬ ಅಕ್ಷರವು ಬಹುಕಾಲದ ಹಿಂದೆಯೇ ರೂಢಿಯಿಂದ ಬಿಟ್ಟುಹೋಯಿತು. ಓಲೆಗರಿಗಳನ್ನು ನಕಲುಮಾಡಿದವರು ಅದನ್ನು ಳ ಎಂದೇ ಬರೆದುಬಿಟ್ಟಿದ್ದರು. ಯಾವ ಶಬ್ದದಲ್ಲಿ ಮೊದಲು ೞ ಇತ್ತು, ಯಾವದರಲ್ಲಿ ಳ ಇತ್ತು ಎಂದು ಹೇಗೆ ತಿಳಿಯುವದು? ಕೇಶಿರಾಜನು ೞ ಇರುವ ಶಬ್ದಗಳನ್ನು ಪಟ್ಟಿಮಾಡಿದ್ದಾನೆ. ಅದು ಒಂದು ಸಾಕ್ಷಿ. ತಮಿಳಿನಲ್ಲಿಯೂ ಮಲೆಯಾಳದಲ್ಲಿಯೂ ಆ ಧ್ವನಿಯು ಇಂದಿಗೂ ಜೀವಂತವಾಗಿದೆ, ತಮಿಳರು ಮಳೆಗೆ ಮೞೈ ಎನ್ನುತ್ತಾರೆ; ಇದು ಮತ್ತೊಂದು ಸಾಕ್ಷಿ. ಹಳೆಯ ಪ್ರತಿಗಳಲ್ಲಿ ಉಳಿದ ಬರಹವು ಮೂರನೆಯದು. ಹೀಗೆ ಒಬ್ಬರನ್ನೊಬ್ಬರು ಅರಿಯದ ಸಾಕ್ಷಿಗಳು ಒಂದೇ ಮಾತನ್ನು ಹೇಳುವಾಗ ಸಂಗತಿಯು ಸ್ಥಿರವಾಗುತ್ತದೆ. ಕಿಟ್ಟೆಲರು ತಮಿಳು, ತೆಲುಗು, ಮಲೆಯಾಳ, ತುಳು ಭಾಷೆಗಳ ಸಂಬಂಧವಾದ ಶಬ್ದಗಳನ್ನು ಕೋಶದ ತುಂಬಾ ಜೊತೆಯಲ್ಲಿಟ್ಟು, ಬಿಟ್ಟುಹೋದ ೞ, ಱ ಎಂಬ ಅಕ್ಷರಗಳನ್ನು ಅವುಗಳ ಸ್ಥಾನಕ್ಕೆ ಪುನಃ ತಂದರು. ಒಂದೇ ಪುಸ್ತಕವನ್ನು ಓದಿ ಬರೆಯುವವನಿಗೆ ಇಂಥ ಬಲವು ಎಲ್ಲಿಂದ ಬರಬೇಕು?

ನನಗೆ ಎಲ್ಲಕ್ಕಿಂತ ಹಿತವಾದ ಸಂಗತಿಯು ಬೇರೊಂದು. ಕವಿಗಳ ಪದ್ಯಗಳು ಎಷ್ಟು ಮಾನ್ಯವೋ ಹಳ್ಳಿಯ ಮಾತೂ ಅಷ್ಟೇ ಮಾನ್ಯವೆಂದು ಕಿಟ್ಟೆಲರು ಎಣಿಸಿದರು. ಇದು ಮೈಸೂರ ಕಡೆಯ ಮಾತು, ಇದು ಧಾರವಾಡ ಬೆಳಗಾವಿಗಳು ಸೇರಿದ ದಕ್ಷಿಣ ಮರಾಠಾ ಸೀಮೆಯ ಮಾತು ಎಂದು ಅವರು ಬೇರೆಬೇರೆ ಗುರುತು ಹಾಕಿದರು. ಗಾದೆಗಳಿಗೂ ಒಂದು ಸಂಕೇತವನ್ನು ಕೊಟ್ಟು, ಶಬ್ದಗಳ ಅರ್ಥಕ್ಕೆ ಅವುಗಳನ್ನು ಆಧಾರವಾಗಿ ತಂದರು. ಗಾದೆಯನ್ನು ಹೇಳಿದ ಮುದುಕಿಯು ಕೇಶಿರಾಜನ ಪಂಕ್ತಿಯಲ್ಲಿ ಕೂತಂತಾಯಿತು. ಆದರೆ ಎರಡನ್ನೂ ಬೆರಸಿಬಿಡಲಿಲ್ಲ. ಕಾವ್ಯದ್ದು ಕಾವ್ಯದ್ದೆಂದೂ ಆಡುಮಾತಿನದು ಆಡುಮಾತಿನದೆಂದೂ ಓದುವವನಿಗೆ ತಿಳಿಯುವ ಹಾಗೆ ಇಟ್ಟರು. ತಮಗೆ ನೆರವಾದ ದೇಶಸ್ಥ ಪಂಡಿತರ ಉಪಕಾರವನ್ನೂ ಮುನ್ನುಡಿಯಲ್ಲಿ ನೆನೆದರು. ಆದರೂ ಗ್ರಂಥವನ್ನು ಕಿಟ್ಟೆಲರ ಹೆಸರಿನಿಂದ ಕರೆಯುವ ನಾವು ಆ ಪಂಡಿತರನ್ನು ಮರೆತೇ ಬಿಟ್ಟಿದ್ದೇವೆ. ಅದು ಅವರ ತಪ್ಪಲ್ಲ, ನಮ್ಮದು.

ನಿಶ್ಚಯವಿಲ್ಲದ ಕಡೆಯಲ್ಲಿ ಅವರು ಪ್ರಶ್ನೆಯ ಚಿಹ್ನೆಯನ್ನು ಹಾಕುತ್ತಿದ್ದರು. ಶಬ್ದದ ಮೂಲವು ಇಂಥದ್ದಿರಬಹುದೆಂದು ತೋರಿದರೆ ಅದನ್ನು ಬರೆದು, ಪಕ್ಕದಲ್ಲಿ ಆ ಸಣ್ಣ ಗುರುತು. ಎಷ್ಟೋ ಪಂಡಿತರು ಮಾನಕ್ಕೆ ಅಂಜಿ ಈ ಗುರುತನ್ನು ಬಳಸಲಾರರು. ಸಂಸ್ಕೃತ ಕೋಶಗಳಲ್ಲಿರುವ ಶಬ್ದಗಳೊಳಗೆ ಕೆಲವು ದ್ರಾವಿಡ ಭಾಷೆಗಳಿಂದ ಹೋದವುಗಳೆಂದು ಅವರು 1872ರಲ್ಲಿಯೇ ಇಂಡಿಯನ್ ಆಂಟಿಕ್ವರಿ ಎಂಬ ಪತ್ರಿಕೆಯಲ್ಲಿ ಬರೆದಿದ್ದರು. ಕೋಶದ ಮುನ್ನುಡಿಯಲ್ಲಿ ಅಂಥ ಶಬ್ದಗಳ ಉದ್ದವಾದ ಪಟ್ಟಿಯನ್ನು ಕೊಟ್ಟರು. ಎಲ್ಲವೂ ಸಂಸ್ಕೃತದಿಂದಲೇ ಇಳಿದು ಬಂದವೆಂದು ನಂಬಿದ್ದವರಿಗೆ ಇದು ಕಹಿಯಾಗಿತ್ತು. ಆ ಪಟ್ಟಿಯೊಳಗೆ ಕೆಲವನ್ನು ಮುಂದಿನವರು 20ನೆಯ ಶತಮಾನದಲ್ಲಿ ಒಪ್ಪಿದರು, ಕೆಲವನ್ನು ತಳ್ಳಿದರು.

1894ರಲ್ಲಿ ಕೋಶವು ಮಂಗಳೂರಿನ ಬಾಸೆಲ್ ಮಿಶನ್ ಛಾಪಖಾನೆಯಲ್ಲಿ ಅಚ್ಚಾಗಿ ಮುಗಿಯಿತು. ಸುಮಾರು 70,000 ಶಬ್ದಗಳು, 1752 ಪುಟಗಳು. ಮೊಳೆ ಜೋಡಿಸಿದವರ ಶ್ರಮವನ್ನು ಯಾರು ಬರೆದಿಟ್ಟಿದ್ದಾರೆ? ಕನ್ನಡ ಅಕ್ಷರ, ಗುರುತುಗಳಿರುವ ಇಂಗ್ಲಿಷ್ ಅಕ್ಷರ, ಅಂಕೆ, ಸಂಕೇತ ಎಲ್ಲವೂ ಒಂದೇ ಸಾಲಿನಲ್ಲಿ ಬರತಕ್ಕ ಗ್ರಂಥವನ್ನು ಅವರು ಕೈಯಿಂದ ಒಂದೊಂದು ಮೊಳೆಯಾಗಿ ಜೋಡಿಸಿದರು. ಗ್ರಂಥವು ಹೊರಬರುವಾಗ ಕಿಟ್ಟೆಲರು ಇಲ್ಲಿರಲಿಲ್ಲ. 1892ರಲ್ಲಿ ಜರ್ಮನಿಗೆ ಹೋಗಿ, ಟ್ಯೂಬಿಂಗೆನ್ ಪಟ್ಟಣದಲ್ಲಿ ವಾಸವಾಗಿದ್ದರು. ಅಲ್ಲಿಯ ವಿಶ್ವವಿದ್ಯಾಲಯವು 1896ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು. 1858ರಲ್ಲಿ ಮೋಗ್ಲಿಂಗರಿಗೂ ಅದೇ ವಿಶ್ವವಿದ್ಯಾಲಯವು ಆ ಗೌರವವನ್ನು ಸಲ್ಲಿಸಿತ್ತು. ಹೀಗೆ ಕನ್ನಡದ ನಿಮಿತ್ತ ಇಬ್ಬರು ಒಂದೇ ಪಟ್ಟಣದಲ್ಲಿ ಮಾನ ಹೊಂದಿದರು.

ಮುದಿತನದಲ್ಲಿಯೂ ಅವರು ಸುಮ್ಮಗಿರಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಎಂಬೀ ಮೂರು ಅವಸ್ಥೆಗಳನ್ನೂ ಒಟ್ಟಿಗೆ ಇಟ್ಟು ವಿವರಿಸುವ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಅದರ ತಳಹದಿಯು ಕೇಶಿರಾಜನೇ. 1903ರಲ್ಲಿ ಅದು ಮಂಗಳೂರಲ್ಲಿ ಪ್ರಕಟವಾಯಿತು. ಅದೇ ವರ್ಷದ ದಶಂಬರ ತಿಂಗಳಲ್ಲಿ ಅವರು ಟ್ಯೂಬಿಂಗೆನಿನಲ್ಲಿ ನಿದ್ರೆಹೋದರು. ವಯಸ್ಸು ಎಪ್ಪತ್ತೊಂದು.

ಅವರ ತರುವಾಯ ಕೋಶವು ಮೂಲೆಗೆ ಬೀಳಲಿಲ್ಲ. ಬರೋ, ಎಮೆನೋ ಎಂಬ ವಿದ್ವಾಂಸರು 1961ರಲ್ಲಿ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ಕೋಶವನ್ನು ಪ್ರಕಟಿಸಿದಾಗ ಕನ್ನಡಕ್ಕೆ ಕಿಟ್ಟೆಲರ ಕೋಶವೇ ಅವರಿಗೆ ಮುಖ್ಯ ಆಧಾರವಾಯಿತು. ಮದರಾಸು ವಿಶ್ವವಿದ್ಯಾಲಯದಲ್ಲಿ ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ಬೆಳೆಸಿ ನಾಲ್ಕು ಸಂಪುಟಗಳಾಗಿ ತೆಗೆದರು. ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ ಎಂಟು ಸಂಪುಟಗಳಲ್ಲಿ ಹೊರತಂದ ಮಹಾಕೋಶದಲ್ಲಿಯೂ ಶಬ್ದದ ಜೊತೆಗೆ ಪ್ರಯೋಗವನ್ನೂ ಆಕರವನ್ನೂ ಕೊಡುವ ಪದ್ಧತಿಯೇ ಇದೆ. ಬೆಂಗಳೂರಲ್ಲಿ ಅವರ ಪ್ರತಿಮೆಯುಂಟು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜುಂಟು. ಆ ಕಾಲೇಜಿನ ಮುಂದೆ ದಿನಾಲು ಹಾದುಹೋಗುವ ನಮ್ಮ ಹುಡುಗರಲ್ಲಿ ಎಷ್ಟು ಮಂದಿ ಆ ಹೆಸರು ಯಾರದೆಂದು ಬಲ್ಲರು?

ನಮ್ಮ ನೆರೆಯಲ್ಲಿಯೇ ಆಧಾರ ಹೇಳುವ ಮತ್ತೊಂದು ಪದ್ಧತಿಯು ನಡೆಯುತ್ತಿದೆ. ಮುಂಡಗೋಡದ ಬಳಿಯಲ್ಲಿ 1966ರಿಂದ ಟಿಬೆಟಿನವರು ವಾಸಮಾಡುತ್ತಾರೆ. ಅವರ ಮಠಗಳ ಅಂಗಳದಲ್ಲಿ ಸನ್ಯಾಸಿಗಳು ಚಪ್ಪಾಳೆ ತಟ್ಟಿ ವಾದ ಮಾಡುವದನ್ನು ವಾಚಕರಲ್ಲಿ ಕೆಲವರು ಕಂಡಿರಬಹುದು. ಅಲ್ಲಿ ಒಬ್ಬನು ಮಾತು ಹೇಳಿದರೆ, ಎದುರಿನವನು ಅದಕ್ಕೆ ಶಾಸ್ತ್ರದ ಆಧಾರವನ್ನೂ ಯುಕ್ತಿಯನ್ನೂ ಕೇಳುತ್ತಾನೆ. ಅವರ ಮತವು ಬೇರೆ. ಆದರೆ ಆಧಾರವಿಲ್ಲದ ಮಾತನ್ನು ಸುಮ್ಮನೆ ಬಿಡದ ಆ ಕಟ್ಟು ಕಾಲೇಜಿನ ಹುಡುಗರು ನೋಡತಕ್ಕದ್ದೇ.

ರಾಮನಗರದ ವಿದ್ಯಾರ್ಥಿಗೆ ನಾನು ಈ ಕಥೆಯನ್ನೆಲ್ಲಾ ಹೇಳಿದ ಮೇಲೆ, ಅವನ ಪ್ರಬಂಧವನ್ನು ಇಬ್ಬರೂ ಪುನಃ ಮೇಜಿನ ಮೇಲಿಟ್ಟು ಕೂತೆವು. ಕಾಗದವೇನೋ ಯಥೇಷ್ಟವಿತ್ತು; ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯ ನೆರೆಯವರಾದ ನಮಗೆ ಅದಕ್ಕೆ ಬರವಿಲ್ಲ. ಸೂಪಾವನ್ನು ಕುರಿತು ಅವನಿಗೆ ಎಷ್ಟು ಸಾಕ್ಷಿಗಳಿವೆಯೆಂದು ಎಣಿಸಿದೆವು. 1883ರಲ್ಲಿ ಅಚ್ಚಾದ ಮುಂಬಯಿ ಸರಕಾರದ ಗ್ಯಾಜೆಟಿಯರಿನ ಕೆನರಾ ಸಂಪುಟವು ಒಂದು. ಅದರಲ್ಲಿ ಊರಿನ ವಿವರವನ್ನು ಅಧಿಕಾರಿಯ ಕಣ್ಣಿನಿಂದ ಬರೆದಿದ್ದಾರೆ. 1987ರಲ್ಲಿ ಪೂರ್ತಿಯಾದ ಅಣೆಕಟ್ಟಿನ ವಿಷಯವಾದ ಪುಸ್ತಕಗಳು ಮತ್ತೊಂದು. ಅವನು ನಕಲುಮಾಡಿದ್ದ ಮೂರು ಪುಟಗಳು ಅಂಥದ್ದೊಂದರೊಳಗಿನವು. ಅದರಲ್ಲಿ ನೀರಿನ ಮತ್ತು ವಿದ್ಯುತ್ತಿನ ಲೆಕ್ಕವುಂಟು, ಮನೆಗಳ ಮಾತು ಕಡಿಮೆ. ಇವುಗಳ ಹೊರತು ಬೇರೇನೂ ಇಲ್ಲವೆಂದು ಅವನು ಹೇಳಿದನು. ಮನೆಯಲ್ಲಿ ಹಿರಿಯರು ಯಾರಿದ್ದಾರೆಂದು ಕೇಳಿದೆನು. ಅಜ್ಜಿಯಿದ್ದಾಳೆಂದನು, ಸೂಪಾದಲ್ಲಿ ಮದುವೆಯಾಗಿ ಬಂದು, ಊರು ಬಿಡುವ ದಿವಸ ಗಾಡಿಯಲ್ಲಿ ಏನೇನು ಹೇರಿದರೆಂಬದನ್ನು ಈಗಲೂ ಹೇಳುತ್ತಾಳೆ, ಆದರೆ ಅವಳಿಗೆ ಓದು ಬಾರದು, ಅವಳ ಮಾತು ಕೊಂಕಣಿ, ಕಾಲೇಜಿನ ಪ್ರಬಂಧದಲ್ಲಿ ಅವಳ ಹೆಸರನ್ನು ಹೇಗೆ ಬರೆಯುವದೆಂದು ನಾಚಿಕೆಪಟ್ಟನು. ಕಿಟ್ಟೆಲರ ಕೋಶದಲ್ಲಿ ಗಾದೆಗಳಿಗೆ ಹಾಕಿದ ಸಂಕೇತವನ್ನು ನಾನು ಅವನಿಗೆ ಬೆರಳಿಟ್ಟು ತೋರಿಸಿದೆನು. ಅವನು ಬಹಳ ಹೊತ್ತು ಆ ಪುಟವನ್ನೇ ನೋಡುತ್ತಿದ್ದನು.

ಪ್ರಬಂಧವು ಇನ್ನೂ ಮುಗಿದಿಲ್ಲ. ಗ್ಯಾಜೆಟಿಯರಿನ ವಿವರಕ್ಕೂ ಅಜ್ಜಿಯ ಮಾತಿಗೂ ಊರಿನ ಸಂತೆಯ ವಿಷಯದಲ್ಲಿ ಹೊಂದಿಕೆಯಾಗುವದಿಲ್ಲವೆಂದು ಮೊನ್ನೆ ಅವನ ಕಾಗದ ಬಂತು. ಎರಡನ್ನೂ ಬರೆದು ಪಕ್ಕದಲ್ಲಿ ಪ್ರಶ್ನೆಯ ಚಿಹ್ನೆಯನ್ನು ಹಾಕಿದ್ದಾನಂತೆ. ಬರುವ ಆದಿತ್ಯವಾರ ಅಜ್ಜಿಯ ಓರಗೆಯ ಇನ್ನೊಬ್ಬ ಮುದುಕನನ್ನು ಕೇಳುವದಕ್ಕೆ ಹೋಗುತ್ತಾನಂತೆ.